ಕ್ವಾಲಾಲಂಪುರದಲ್ಲಿ ಗೈಡ್ ಎಲ್ಲಿ ಬೇಕು, ಎಲ್ಲಿ ಬೇಡ?

ದಾವಣಗೆರೆಯ ಓದುಗರೊಬ್ಬರ ಪ್ರಶ್ನೆ:

"ದಸರಾ ರಜೆಯಲ್ಲಿ ನಾವು ಐದು ಜನ ಕ್ವಾಲಾಲಂಪುರಕ್ಕೆ ಹೋಗುವವರಿದ್ದೇವೆ. ನಾನು, ನನ್ನ ಪತ್ನಿ, 11 ಮತ್ತು 7 ವರ್ಷದ ಇಬ್ಬರು ಮಕ್ಕಳು, 71 ವರ್ಷದ ನನ್ನ ತಾಯಿ. ಅಲ್ಲಿ ಇರುವುದು ನಾಲ್ಕು ದಿನ. ಒಬ್ಬ ಏಜೆಂಟರು ಅರ್ಧ ದಿನದ ಸಿಟಿ ಟೂರ್‌ನಲ್ಲಿ 12 ಸ್ಥಳ ತೋರಿಸುವುದಾಗಿ ಹೇಳಿ ತೀರ ಕಡಿಮೆ ದರ ಕೊಟ್ಟಿದ್ದಾರೆ. ಇನ್ನೊಬ್ಬರು ಗೈಡ್ ಸಮೇತ ಖಾಸಗಿ ಕಾರು ಮಾಡಿಕೊಳ್ಳಿ ಎನ್ನುತ್ತಾರೆ. ದರ ನಾಲ್ಕು ಪಟ್ಟು. ನನ್ನ ಸಹೋದ್ಯೋಗಿ, 'ನಡೆದು ನೋಡುವ ಉಚಿತ ಟೂರ್‌ಗಳಿವೆ, ಅವನ್ನೇ ಮಾಡಿ' ಎಂದರು. ತಾಯಿಗೆ ಮಂಡಿನೋವು, ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ನಾವು ಮೊಟ್ಟೆಯನ್ನೂ ತಿನ್ನದವರು. ಇನ್ನೊಂದು ಅನುಮಾನ: ಆ ಊರಿನಲ್ಲಿ ಮಲಯರು, ಚೀನೀಯರು, ತಮಿಳರು ಎಲ್ಲರೂ ಇದ್ದಾರೆ. ಗೈಡ್ ಯಾವ ಸಮುದಾಯದವರೋ ಆ ಸಮುದಾಯದ ಕಥೆಯನ್ನಷ್ಟೇ ಹೇಳುತ್ತಾರೆ ಎಂದು ಕೇಳಿದ್ದೇನೆ. ನಿಜವೇ? ಯಾರನ್ನು ಆರಿಸಿಕೊಂಡರೆ ಒಳ್ಳೆಯದು?"

ಉತ್ತರ:

ನಿಮ್ಮ ಪತ್ರ ಓದಿದಾಗ ನಿಮ್ಮನ್ನು ನಿಜಕ್ಕೂ ಕಾಡುತ್ತಿರುವುದು ದರವಲ್ಲ ಎನ್ನಿಸಿತು. ತಾಯಿಯವರನ್ನು ಅಷ್ಟು ದೂರ ಕರೆದುಕೊಂಡು ಹೋಗಿ, ಬಸ್ಸಿನ ಕಿಟಕಿಯಿಂದ ಕಟ್ಟಡಗಳನ್ನು ತೋರಿಸಿ ವಾಪಸು ಕರೆತರುವಂತೆ ಆಗಬಾರದು ಎಂಬ ಆತಂಕ ಅಲ್ಲಿದೆ. ಆ ಆತಂಕ ಸರಿಯಾದದ್ದೇ. ಆಗ್ನೇಯ ಏಷ್ಯಾಕ್ಕೆ ಕನ್ನಡಿಗರ ತಂಡಗಳನ್ನು ಕಳುಹಿಸುವುದು, ಅಲ್ಲಿಯ ಟೂರ್ ನಿರ್ವಾಹಕರೊಂದಿಗೆ ದರ, ಸಮಯ, ಊಟದ ಮಾತುಕತೆ ಮಾಡುವುದು ನನ್ನ ವೃತ್ತಿ. ಆ ಅನುಭವದಿಂದ ಮೊದಲೇ ಹೇಳಿಬಿಡುತ್ತೇನೆ: ಕ್ವಾಲಾಲಂಪುರದಲ್ಲಿ ಪೆಟ್ರೊನಾಸ್ ಎಂಬ ಜೋಡಿ ಗಗನಚುಂಬಿ ಗೋಪುರಗಳಿಗೂ, ಸುಬ್ರಹ್ಮಣ್ಯನ ಕ್ಷೇತ್ರವಾದ ಬಾತು ಗುಹೆಗಳಿಗೂ ಗೈಡ್ ಬೇಕಾಗಿಲ್ಲ, ನೀವೇ ಹೋಗಿಬರಬಹುದು. ಹಳೆಯ ಪೇಟೆಯ ಬೀದಿಗಳಿಗೆ ಗೈಡ್ ಬೇಕೇ ಬೇಕು. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಗೋಪುರ, ಗುಹೆಗಳಿಗೆ ದುಡ್ಡು ಕೊಟ್ಟು ಗೈಡ್ ಜೊತೆ ಹೋಗುತ್ತಾರೆ. ಪೇಟೆಯ ಬೀದಿಯಲ್ಲಿ ಮಾತ್ರ ತಾವೇ ಅಲೆದಾಡಿ, ಎರಡು ಟೀ ಶರ್ಟ್ ಕೊಂಡು ಬರುತ್ತಾರೆ.

ಮೊದಲು ಆ 12 ಸ್ಥಳಗಳ ಲೆಕ್ಕ ಹಾಕೋಣ. ಅರ್ಧ ದಿನದ ಟೂರ್ ಎಂದರೆ ಸುಮಾರು ನಾಲ್ಕು ಗಂಟೆ. ನಿಮ್ಮ ಕೊಟೇಶನ್‌ನಲ್ಲಿ 'ಎಸ್‌ಐಸಿ' ಎಂದು ಬರೆದಿದೆಯೇ ನೋಡಿ. ಸೀಟ್ ಇನ್ ಕೋಚ್, ಅಂದರೆ ಬೇರೆ ಬೇರೆ ಹೋಟೆಲ್‌ಗಳ ಪ್ರವಾಸಿಗರನ್ನು ಒಂದೇ ಬಸ್ಸಿಗೆ ತುಂಬಿಸಿಕೊಳ್ಳುವ ಪದ್ಧತಿ. ಹೋಟೆಲ್‌ಗಳನ್ನು ಸುತ್ತಿ ಎಲ್ಲರನ್ನೂ ಹತ್ತಿಸಿಕೊಳ್ಳುವಷ್ಟರಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹೋಗುತ್ತದೆ. ಕೊನೆಯಲ್ಲಿ ಇಳಿಸುವುದಕ್ಕೂ ಸಮಯ ಬೇಕು. ನಡುವೆ ಚಾಕೊಲೇಟ್ ಮಳಿಗೆ, ಬಾಟಿಕ್ ಬಟ್ಟೆಯ ಮಳಿಗೆ ಎಂದು ಎರಡು ಕಡೆ ನಿಲ್ಲಿಸುತ್ತಾರೆ. ಅಲ್ಲಿ ಮಾತ್ರ ಯಾರೂ ಅವಸರಪಡಿಸುವುದಿಲ್ಲ. ಉಳಿಯುವುದು ಎರಡು ಗಂಟೆ. ಅದರಲ್ಲಿ ಹತ್ತು ಸ್ಥಳ! ಆದ್ದರಿಂದಲೇ ಆ ಪಟ್ಟಿಯಲ್ಲಿ ಹಲವು ಹೆಸರುಗಳ ಮುಂದೆ 'ಫೋಟೋ ಸ್ಟಾಪ್' ಎಂದಿರುತ್ತದೆ. ಬಸ್ಸು ನಿಲ್ಲುತ್ತದೆ, ನೀವು ಇಳಿದು ಚಿತ್ರ ತೆಗೆದುಕೊಳ್ಳುತ್ತೀರಿ, ಒಳಗೆ ಹೋಗುವುದಿಲ್ಲ. ಅರಮನೆ ಇಸ್ತಾನಾ ನೆಗಾರಾ ಇಂಥ ಟೂರ್‌ಗಳಲ್ಲಿ ತಪ್ಪದೆ ಇರುತ್ತದೆ. ಅಲ್ಲಿ ನೋಡಲು ಸಿಗುವುದು ಮುಚ್ಚಿದ ಹೆಬ್ಬಾಗಿಲು ಮತ್ತು ಕಾವಲಿನ ಸಿಪಾಯಿಗಳು ಮಾತ್ರ.

ದರ ಅಷ್ಟು ಕಡಿಮೆ ಏಕೆ ಎಂಬುದಕ್ಕೂ ಇದೇ ಉತ್ತರ. ಇಂಥ ಸೀಟುಗಳನ್ನು ಅಲ್ಲಿಯ ನಿರ್ವಾಹಕರು ಹಲವು ಸಲ ಅಸಲಿಗೂ ಕಡಿಮೆಗೆ ಮಾರುತ್ತಾರೆ. ಕಳೆದುಕೊಂಡದ್ದನ್ನು ಮಳಿಗೆಗಳ ಕಮಿಷನ್ನಿನಲ್ಲಿ ತುಂಬಿಕೊಳ್ಳುತ್ತಾರೆ. ಇದನ್ನು ಮೋಸ ಎಂದು ನಾನು ಕರೆಯುವುದಿಲ್ಲ, ಆ ವ್ಯಾಪಾರ ನಡೆಯುವುದೇ ಹಾಗೆ. ಆದರೆ ನಿಮಗೆ ಅದು ಮುಂಚೆಯೇ ಗೊತ್ತಿರಬೇಕು. "ಎಷ್ಟು ಮಳಿಗೆಗಳಲ್ಲಿ ನಿಲ್ಲಿಸುತ್ತೀರಿ, ಪ್ರತಿಯೊಂದರಲ್ಲೂ ಎಷ್ಟು ಹೊತ್ತು?" ಎಂದು ಬರಹದಲ್ಲಿ ಕೇಳಿ. ನೆಟ್ಟಗೆ ಉತ್ತರ ಕೊಡುವ ಏಜೆಂಟರನ್ನು ನಂಬಬಹುದು. ಮಳಿಗೆಗಳಲ್ಲಿ ಒಂದಕ್ಕೆ ಮಾತ್ರ ನನ್ನ ವಿರೋಧವಿಲ್ಲ: ಪ್ಯೂಟರ್ ಪಾತ್ರೆಗಳ ಕಾರ್ಖಾನೆ. ಪ್ಯೂಟರ್ ಎಂಬುದು ತವರದ ಮಿಶ್ರಲೋಹ, ಮತ್ತು ಈ ಊರು ಹುಟ್ಟಿದ್ದೇ ತವರದಿಂದ. ಕುಶಲಕರ್ಮಿಗಳು ಲೋಹ ಎರಕ ಹೊಯ್ಯುವುದನ್ನು ಮಕ್ಕಳು ನೋಡಿದರೆ ಆ ಅರ್ಧ ಗಂಟೆ ದಂಡವಾಗುವುದಿಲ್ಲ.

ಇನ್ನು ಗೈಡ್ ಯಾವ ಸಮುದಾಯದವರಾಗಿರಬೇಕು ಎಂಬ ಪ್ರಶ್ನೆ. ನೀವು ಕೇಳಿದ ಮಾತಿನಲ್ಲಿ ಅರ್ಧ ಸತ್ಯವಿದೆ. ಮನುಷ್ಯರು ತಾವು ಬೆಳೆದ ಓಣಿಯ ಬಗ್ಗೆ ಹೆಚ್ಚು ಹೊತ್ತು ಮಾತನಾಡುತ್ತಾರೆ, ಗೈಡ್‌ಗಳೂ ಹಾಗೆಯೇ. ಆದರೆ ಈ ಊರಿನಲ್ಲಿ ಒಂದು ಸಮುದಾಯದ ಕಥೆಯನ್ನಷ್ಟೇ ಬಿಡಿಸಿ ಹೇಳಲು ಹೊರಟರೂ ಆಗುವುದಿಲ್ಲ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಗೈಡ್ ಆಯ್ಕೆಗೆ ಇದೇ ಒರೆಗಲ್ಲು.

1857ರಲ್ಲಿ ಸೆಲಂಗೋರ್‌ನ ಮಲಯ ರಾಜಮನೆತನದ ರಾಜಾ ಅಬ್ದುಲ್ಲಾ ತವರದ ಅದಿರು ಹುಡುಕಲು 87 ಮಂದಿ ಚೀನೀ ಗಣಿ ಕಾರ್ಮಿಕರನ್ನು ಕ್ಲಾಂಗ್ ನದಿಯ ಮೇಲ್ಭಾಗಕ್ಕೆ ಕಳುಹಿಸಿದರು. ಗೊಂಬಾಕ್ ಮತ್ತು ಕ್ಲಾಂಗ್ ನದಿಗಳು ಕೂಡುವಲ್ಲಿ ಸರಕು ಇಳಿಸುವ ಜಾಗವೊಂದು ಬೆಳೆದು ಪೇಟೆಯಾಯಿತು. ಯಾಪ್ ಆ ಲಾಯ್ ಎಂಬ ಚೀನೀ ಮುಖಂಡ ಅದನ್ನು ಕಟ್ಟಿ ನಿಲ್ಲಿಸಿದ. 1881ರಲ್ಲಿ ಬೆಂಕಿಯೂ ಪ್ರವಾಹವೂ ಒಂದರ ಹಿಂದೊಂದು ಬಂದು ಮರ, ಹುಲ್ಲಿನ ಮನೆಗಳೆಲ್ಲ ನಾಶವಾದವು. ಆಮೇಲೆ ಬ್ರಿಟಿಷ್ ರೆಸಿಡೆಂಟ್ ಫ್ರಾಂಕ್ ಸ್ವೆಟ್ಟೆನ್‌ಹ್ಯಾಮ್ ಇಟ್ಟಿಗೆ, ಹೆಂಚುಗಳಲ್ಲೇ ಮನೆ ಕಟ್ಟಬೇಕೆಂದು ಒತ್ತಾಯಿಸಿದರು. ಆ ಇಟ್ಟಿಗೆ ಸುಟ್ಟ ಜಾಗವೇ ಬ್ರಿಕ್‌ಫೀಲ್ಡ್ಸ್. ಮುಂದೆ ಅಲ್ಲಿ ರೈಲ್ವೆ ಬಂತು. ರೈಲ್ವೆ ಕೆಲಸಕ್ಕೆ ತಮಿಳುನಾಡಿನಿಂದಲೂ ಸಿಲೋನಿನಿಂದಲೂ ಜನ ಬಂದು ನೆಲೆಸಿದರು. ಇಂದು ಪ್ರವಾಸಿಗರು 'ಲಿಟಲ್ ಇಂಡಿಯಾ' ಎಂದು ನೋಡುವ ಬೀದಿ ಅದೇ. ಗಣಿ ಚೀನೀಯರದು, ನೆಲ ಮಲಯ ಅರಸರದು, ಇಟ್ಟಿಗೆಗೂಡಿನ ಮಗ್ಗುಲಲ್ಲಿ ಬೆಳೆದದ್ದು ಭಾರತೀಯರ ಬಡಾವಣೆ. ಇದರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವ ಗೈಡ್‌ಗೆ ಊರೇ ಗೊತ್ತಿಲ್ಲ ಎಂದು ತಿಳಿಯಿರಿ.

ಇನ್ನೂ ಹತ್ತಿರದಿಂದ ನೋಡಬೇಕೆಂದರೆ ಜಲಾನ್ ತುನ್ ಎಚ್.ಎಸ್. ಲೀ ಎಂಬ ಬೀದಿಗೆ ಬನ್ನಿ. ಪೆಟಾಲಿಂಗ್ ಸ್ಟ್ರೀಟ್ ಎಂಬ ಚೀನೀ ಪೇಟೆಯ ಮಗ್ಗುಲಲ್ಲೇ ಇರುವ ಬೀದಿ ಅದು. ಅಲ್ಲಿ ಐದು ಅಂತಸ್ತಿನ ಗೋಪುರವಿರುವ ಶ್ರೀ ಮಹಾಮಾರಿಯಮ್ಮನ ದೇವಸ್ಥಾನವಿದೆ. 1873ರಲ್ಲಿ ತಂಬುಸ್ವಾಮಿ ಪಿಳ್ಳೆ ಎಂಬ ತಮಿಳು ಮುಖಂಡರು ಸ್ಥಾಪಿಸಿದ್ದು. ಹೊರಗೆ ಮಲ್ಲಿಗೆ ಹಾರ ಕಟ್ಟುವವರು, ಚಪ್ಪಲಿ ಇಡುವ ಜಾಗ, ಒಳಗೆ ನಾದಸ್ವರ. ನಿಮ್ಮ ತಾಯಿಯವರಿಗೆ ಪರದೇಶಕ್ಕೆ ಬಂದಂತೆಯೇ ಅನ್ನಿಸುವುದಿಲ್ಲ. ಹೊರಬಂದು ನಾಲ್ಕು ಹೆಜ್ಜೆ ನಡೆದರೆ ಬೀದಿಯ ಆಚೆ ಬದಿಯಲ್ಲಿ ಗುವಾನ್ ದಿ ಎಂಬ ಚೀನೀ ದೇವಸ್ಥಾನ. ಕೆಂಪು ಕಂಬಗಳು, ಮಾಡಿನಿಂದ ತೂಗುಬಿಟ್ಟ ಸುರುಳಿ ಸುರುಳಿ ಊದುಬತ್ತಿ, ಹೊಗೆ. ಎರಡೂ ಕಡೆ ಕೈ ಮುಗಿದು ಹೋಗುವವರನ್ನು ನೀವೇ ನೋಡುತ್ತೀರಿ. ಪಟ್ಟಿಯಲ್ಲಿ ಇವು 'ಸ್ಥಳ 6, ಸ್ಥಳ 7' ಆಗಿರುತ್ತವೆ, ಅಥವಾ ಇರುವುದೇ ಇಲ್ಲ.

ಈಗ ಬಾತು ಗುಹೆಗಳ ಸಂಗತಿ. ಊರಿನ ಉತ್ತರಕ್ಕೆ ಸುಮಾರು 13 ಕಿ.ಮೀ. ದೂರದ ಸುಣ್ಣಕಲ್ಲಿನ ಬೆಟ್ಟದಲ್ಲಿರುವ ಆ ಸುಬ್ರಹ್ಮಣ್ಯನ ಕ್ಷೇತ್ರವನ್ನು ಆರಂಭಿಸಿದವರೂ ಇದೇ ತಂಬುಸ್ವಾಮಿ ಪಿಳ್ಳೆ. ತೈಪೂಸ ಎಂಬ ಮುರುಗನ (ಸುಬ್ರಹ್ಮಣ್ಯನ) ಹಬ್ಬಕ್ಕೆ ಮುಂಚೆ, ರಾತ್ರಿಯ ಹೊತ್ತು ಅವನ ಬೆಳ್ಳಿ ರಥ ಹೊರಡುವುದು ಮಾರಿಯಮ್ಮನ ಗುಡಿಯಿಂದ. ಇಡೀ ರಾತ್ರಿ ನಡೆದು ಸೇರುವುದು ಬಾತು ಗುಹೆಗಳನ್ನು. ಊರ ನಡುವಿನ ಗುಡಿಯೂ ಬೆಟ್ಟದ ಗುಹೆಯೂ ಒಂದೇ ಜಾತ್ರೆಯ ಎರಡು ತುದಿಗಳು. ಇದನ್ನು ಗುಡಿಯ ಮುಂದೆ ನಿಂತು ಯಾರಾದರೂ ಹೇಳಿದರೆ, ಮರುದಿನ ಗುಹೆಯ ಮೆಟ್ಟಿಲುಗಳನ್ನು ನೀವು ನೋಡುವ ರೀತಿಯೇ ಬೇರೆಯಾಗುತ್ತದೆ. ನಾನು ಗೈಡ್‌ಗೆ ದುಡ್ಡು ಕೊಡಿ ಎನ್ನುವುದು ಇಂಥ ಮಾತಿಗೆ. ಯಾವ ಕಟ್ಟಡ ಎಷ್ಟು ಮೀಟರ್ ಎಂಬುದು ಮೊಬೈಲ್‌ನಲ್ಲೂ ಸಿಗುತ್ತದೆ.

ಆದ್ದರಿಂದ "ಗೈಡ್ ಚೀನೀಯರೋ ತಮಿಳರೋ" ಎಂದು ಕೇಳಬೇಡಿ, "ಯಾವ ಬೀದಿಗಳಲ್ಲಿ ನಡೆಸುತ್ತೀರಿ, ಯಾವುದರ ಒಳಗೆ ಕರೆದೊಯ್ಯುತ್ತೀರಿ?" ಎಂದು ಕೇಳಿ. ಮಸ್ಜಿದ್ ಜಾಮೆಕ್, ಮಾರಿಯಮ್ಮನ ಗುಡಿ, ಯಾಪ್ ಆ ಲಾಯ್ 1864ರಲ್ಲಿ ಕಟ್ಟಿಸಿದ ಸಿನ್ ಸ್ಜೆ ಸಿ ಯಾ ಗುಡಿ, ಸೆಂಟ್ರಲ್ ಮಾರ್ಕೆಟ್, ಮೆರ್ಡೆಕಾ ಚೌಕ ಇಷ್ಟೂ ಒಂದೇ ನಡಿಗೆಯಲ್ಲಿ ಬಂದರೆ ಎಲ್ಲರ ಕಥೆಯೂ ಬಂದೇ ಬರುತ್ತದೆ. ಇವೆಲ್ಲ ಒಂದಕ್ಕೊಂದು ಕಾಲ್ನಡಿಗೆಯ ದೂರದಲ್ಲಿವೆ. ಮಲಯರ ಬದುಕನ್ನು ಇನ್ನಷ್ಟು ನೋಡುವ ಮನಸ್ಸಿದ್ದರೆ ಕಂಪುಂಗ್ ಬಾರು ಬಡಾವಣೆಯ ನಡಿಗೆಯನ್ನು ಪ್ರತ್ಯೇಕವಾಗಿ ಮಾಡಬೇಕು. ಮಲಯರಿಗೆಂದೇ 1900ರ ಹೊತ್ತಿಗೆ ಮೀಸಲಿಟ್ಟ ನೆಲ ಅದು. ಪೆಟ್ರೊನಾಸ್ ಗೋಪುರಗಳ ಕಣ್ಣಳತೆಯಲ್ಲೇ ಇನ್ನೂ ಮರದ ಮನೆಗಳಿವೆ.

ಒಂದು ಸೂಕ್ಷ್ಮ ವಿಚಾರವನ್ನೂ ಹೇಳಬೇಕು. ಪ್ರವಾಸದ ಕರಪತ್ರಗಳಲ್ಲಿ ಎಲ್ಲರೂ ಯಾವಾಗಲೂ ಅನ್ಯೋನ್ಯವಾಗಿದ್ದರು ಎಂಬ ಚಿತ್ರವೇ ಇರುತ್ತದೆ. 1969ರ ಮೇ 13ರಂದು ಇದೇ ಊರಿನಲ್ಲಿ ಮಲಯರಿಗೂ ಚೀನೀಯರಿಗೂ ಘೋರ ಗಲಭೆ ನಡೆಯಿತು. ದೇಶದ ಆರ್ಥಿಕ ನೀತಿಯೇ ಆಮೇಲೆ ಬದಲಾಯಿತು. ಅಲ್ಲಿಯವರಿಗೆ ಇದು ಇಂದಿಗೂ ನೋವಿನ ಮಾತು. ಮಕ್ಕಳ ಮುಂದೆ, ನಡುಬೀದಿಯಲ್ಲಿ ಗೈಡ್ ಅನ್ನು ಇದರ ಬಗ್ಗೆ ಒತ್ತಾಯಿಸಬೇಡಿ. ಅವರಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ. ನನ್ನ ಅನುಭವದಲ್ಲಿ, ಇದನ್ನು ಮುಚ್ಚಿಡದೆ, ಯಾರನ್ನೂ ದೂರದೆ ಎರಡು ಮಾತಿನಲ್ಲಿ ಹೇಳಬಲ್ಲವರೇ ಒಳ್ಳೆಯ ಗೈಡ್‌ಗಳು. ಅವರು ಯಾವ ಸಮುದಾಯದವರು ಎಂಬುದು ಆಮೇಲೆ ನಮಗೆ ಮರೆತೇ ಹೋಗಿರುತ್ತದೆ.

ಮಸೀದಿಗಳ ಒಳಗೆ ನಮ್ಮನ್ನು ಬಿಡುವುದಿಲ್ಲ ಎಂಬ ನಂಬಿಕೆ ನಮ್ಮವರಲ್ಲಿ ಬಹಳ. ನಿಮ್ಮ ಪತ್ರದಲ್ಲಿ ಆ ಮಾತಿಲ್ಲದಿದ್ದರೂ ಹೇಳುತ್ತೇನೆ. ಮಸ್ಜಿದ್ ಜಾಮೆಕ್ ಮತ್ತು ರಾಷ್ಟ್ರೀಯ ಮಸೀದಿ ಎರಡಕ್ಕೂ ಪ್ರಾರ್ಥನೆಯ ಹೊತ್ತು ಬಿಟ್ಟು ಉಳಿದ ಸಮಯದಲ್ಲಿ ಎಲ್ಲ ಧರ್ಮದವರಿಗೂ ಪ್ರವೇಶವಿದೆ. ಮೈ ಮುಚ್ಚುವ ನಿಲುವಂಗಿಯನ್ನು ಅವರೇ ಕೊಡುತ್ತಾರೆ. ಶುಕ್ರವಾರ ಮಾತ್ರ ಈ ಯೋಜನೆ ಇಟ್ಟುಕೊಳ್ಳಬೇಡಿ. ಮಸ್ಜಿದ್ ಜಾಮೆಕ್ ನಿಂತಿರುವುದು ಆ ಎರಡು ನದಿಗಳ ಸಂಗಮದಲ್ಲೇ. 1909ರಲ್ಲಿ ಪೂರ್ಣಗೊಂಡಿತು, ವಿನ್ಯಾಸ ಎ.ಬಿ. ಹಬ್ಬಕ್ ಅವರದು. ಗುಮ್ಮಟ, ಕಮಾನುಗಳನ್ನು ನೋಡಿದ ಕೂಡಲೇ ನಿಮಗೆ ಪರಿಚಿತವೆನ್ನಿಸುತ್ತದೆ. ಭಾರತದಲ್ಲಿ ರೂಢಿಯಾಗಿದ್ದ ಇಂಡೋ-ಸಾರ್ಸೆನಿಕ್ ಶೈಲಿಯನ್ನೇ ಬ್ರಿಟಿಷರು ಮಲಯಕ್ಕೂ ತಂದರು. ಹತ್ತಿರದ ಸುಲ್ತಾನ್ ಅಬ್ದುಲ್ ಸಮದ್ ಕಟ್ಟಡ ಮುಗಿದ 1897ರಲ್ಲೇ ಇಲ್ಲಿ ಮೈಸೂರಿನ ಈಗಿನ ಅರಮನೆಯ ಕೆಲಸ ಶುರುವಾದದ್ದು. ಎರಡರ ಗುಮ್ಮಟಗಳನ್ನು ಹೋಲಿಸಿ ನೋಡಲು ಮಕ್ಕಳಿಗೆ ಹೇಳಿ.

ಸಹೋದ್ಯೋಗಿ ಹೇಳಿದ ಉಚಿತ ನಡಿಗೆಗಳ ಬಗ್ಗೆ. ಉಚಿತ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ನಗರಾಡಳಿತವಾದ ಡಿಬಿಕೆಎಲ್ ಮೆರ್ಡೆಕಾ ಚೌಕ, ಕಂಪುಂಗ್ ಬಾರು ಮುಂತಾದ ಕಡೆ ನಡೆಸುತ್ತ ಬಂದಿರುವ ನಡಿಗೆಗಳು ನಿಜಕ್ಕೂ ಉಚಿತ. ದಿನ, ಸಮಯ ಬದಲಾಗುತ್ತಿರುತ್ತವೆ. ಹೊರಡುವ ವಾರ ನಗರದ ಅಧಿಕೃತ ಪ್ರವಾಸೋದ್ಯಮ ಜಾಲತಾಣದಲ್ಲಿ ನೋಡಿ ಹೆಸರು ನೋಂದಾಯಿಸಬೇಕು. ಎರಡನೆಯ ಬಗೆಯವು ಖಾಸಗಿಯವರವು. ಪ್ರವೇಶಕ್ಕೆ ದುಡ್ಡಿಲ್ಲ, ಕೊನೆಯಲ್ಲಿ ನಿಮ್ಮ ಮನಸ್ಸಿಗೆ ಬಂದಷ್ಟು ಕೊಡಬೇಕು. ಗೈಡ್‌ನ ಸಂಪಾದನೆ ಅಷ್ಟೇ. ಐದು ಜನ ಹೋಗಿ ಏನೂ ಕೊಡದೆ ಬರುವುದು ತಪ್ಪಾಗುತ್ತದೆ. ಎಲ್ಲರ ಲೆಕ್ಕ ಹಿಡಿದು ಮರ್ಯಾದೆಯಾಗಿ ಕೊಟ್ಟರೆ, ಶುಲ್ಕವಿರುವ ಸಣ್ಣ ತಂಡದ ನಡಿಗೆಗೂ ಇದಕ್ಕೂ ಬಹಳ ವ್ಯತ್ಯಾಸ ಉಳಿಯುವುದಿಲ್ಲ.

ಉಚಿತವಾಗಲಿ ಶುಲ್ಕದ್ದಾಗಲಿ, ಪರವಾನಗಿ ವಿಚಾರಿಸುವುದನ್ನು ಬಿಡಬೇಡಿ. ಮಲೇಷ್ಯಾದಲ್ಲಿ 1992ರ ಪ್ರವಾಸೋದ್ಯಮ ಕಾಯ್ದೆಯ ಪ್ರಕಾರ ಗೈಡ್‌ಗಳೂ ಟೂರ್ ಕಂಪನಿಗಳೂ ಸರ್ಕಾರದ ಪರವಾನಗಿ ಪಡೆದಿರಬೇಕು. ಪರವಾನಗಿ ಇರುವ ಗೈಡ್ ಬಿಲ್ಲೆ ಧರಿಸಿರುತ್ತಾರೆ. ಅದು ಇದ್ದ ಮಾತ್ರಕ್ಕೆ ಚೆನ್ನಾಗಿ ಮಾತನಾಡುತ್ತಾರೆ ಎಂದೇನಿಲ್ಲ. ಆದರೆ ತರಬೇತಿ ಆಗಿದೆ, ಪರೀಕ್ಷೆ ಪಾಸಾಗಿದ್ದಾರೆ, ದೂರು ಕೊಡಲು ಒಂದು ಬಾಗಿಲಿದೆ. ಖಾಸಗಿ ಕಾರಿನ ವಿಷಯದಲ್ಲಿ ಇದು ಇನ್ನೂ ಮುಖ್ಯ. 'ಗೈಡ್ ಸಮೇತ' ಎಂದು ಹೇಳಿ, ಬಂದವರು ಬರೀ ಚಾಲಕರಾಗಿರುವುದು ಮೇಲಿಂದ ಮೇಲೆ ಆಗುತ್ತದೆ. ಚಾಲಕರು ಒಳ್ಳೆಯವರೇ ಇರುತ್ತಾರೆ, ಆದರೆ ಗಾಡಿ ನಿಲ್ಲಿಸಿ ನಿಮ್ಮ ಜೊತೆ ಗುಡಿಯ ಒಳಗೆ ಬರಲು ಅವರಿಂದ ಆಗುವುದಿಲ್ಲ. ಗೈಡ್ ಬೇರೆ, ಚಾಲಕ ಬೇರೆಯೋ, ಇಬ್ಬರೂ ಒಬ್ಬರೇ ಆದರೆ ಅವರಿಗೆ ಗೈಡ್ ಪರವಾನಗಿ ಇದೆಯೋ ಎಂದು ಮುಂಗಡ ಕೊಡುವ ಮೊದಲೇ ಕೇಳಿ.

ಈಗ ತಾಯಿಯವರ ಮಂಡಿಯ ಮಾತು. ಹಳೆಯ ಪೇಟೆಯ ನಡಿಗೆ ಕಿಲೋಮೀಟರ್ ಲೆಕ್ಕದಲ್ಲಿ ದೊಡ್ಡದಲ್ಲ, ತೊಂದರೆ ಇರುವುದು ಮೆಟ್ಟಿಲಿನಲ್ಲಿ. ಅಲ್ಲಿಯ ಹಳೆಯ ಅಂಗಡಿ ಮನೆಗಳ ಮುಂದೆ ಮಳೆ, ಬಿಸಿಲಿಗೆ ಮರೆಯಾಗಿ ಐದಡಿ ಅಗಲದ ಜಗಲಿಯ ದಾರಿ ಉದ್ದಕ್ಕೂ ಸಾಗುತ್ತದೆ. ಕಾಕಿ ಲಿಮಾ ಎನ್ನುತ್ತಾರೆ. ನೋಡಲು ಚೆಂದ. ಆದರೆ ಒಬ್ಬೊಬ್ಬರ ಜಗಲಿ ಒಂದೊಂದು ಎತ್ತರ. ಒಂದು ಅಂಗಡಿಯಿಂದ ಮುಂದಿನದಕ್ಕೆ ಹೋಗುವಾಗ ಅರ್ಧ ಅಡಿ ಹತ್ತಬೇಕು, ಮತ್ತೆ ಇಳಿಯಬೇಕು, ನಡುವೆ ಯಾರೋ ಸರಕು ಇಟ್ಟಿದ್ದರೆ ರಸ್ತೆಗಿಳಿಯಬೇಕು. ಮಂಡಿನೋವಿನವರಿಗೆ ಒಂದು ಬೀದಿಯಲ್ಲೇ ಸುಸ್ತಾಗುತ್ತದೆ. ಹತ್ತು ಹದಿನೈದು ಜನರ ತಂಡದಲ್ಲಿ ಹೋದರೆ ಅವರು ಹಿಂದೆ ಬೀಳುತ್ತಾರೆ, ನೀವು ಅವರ ಜೊತೆ ನಿಲ್ಲುತ್ತೀರಿ, ಗೈಡ್ ಹೇಳಿದ್ದು ಇಬ್ಬರಿಗೂ ಕೇಳಿಸುವುದಿಲ್ಲ. ಭಾಷೆಯ ತೊಡಕೂ ಇಲ್ಲೇ ಬರುತ್ತದೆ. ಕನ್ನಡ ಬಲ್ಲ ಗೈಡ್ ಸಿಗುವುದು ಕಷ್ಟ. ಇಂಗ್ಲಿಷ್, ತಮಿಳು ಬಲ್ಲವರು ಸಿಗುತ್ತಾರೆ. ಪ್ರತಿ ಮಾತನ್ನೂ ನೀವು ತಾಯಿಗೆ ಕನ್ನಡದಲ್ಲಿ ಹೇಳಬೇಕೆಂದರೆ ಗೈಡ್ ನಿಮಗಾಗಿ ನಿಲ್ಲಬೇಕು. ದೊಡ್ಡ ತಂಡದಲ್ಲಿ ಯಾರೂ ನಿಲ್ಲುವುದಿಲ್ಲ.

ನಿಮ್ಮ ಮನೆಯವರಿಗೆ ನಾನು ಸೂಚಿಸುವುದು ಇದು: ನಿಮ್ಮ ಕುಟುಂಬಕ್ಕೆಂದೇ ಪರವಾನಗಿ ಇರುವ ಒಬ್ಬ ಗೈಡ್ ಅನ್ನು ಒಂದು ಬೆಳಿಗ್ಗೆಗೆ, ಮೂರು ಗಂಟೆಯ ಮಟ್ಟಿಗೆ ಗೊತ್ತು ಮಾಡಿಕೊಳ್ಳಿ. ದಿನವಿಡೀ ಕಾರು ಬೇಡ. ಬೀದಿಯಿಂದ ಬೀದಿಗೆ ಆಯಾಸವಾದರೆ ಮೊಬೈಲ್ ಆ್ಯಪ್‌ನಲ್ಲಿ ಕರೆಸುವ ಗ್ರ್ಯಾಬ್ ಟ್ಯಾಕ್ಸಿ ಹಿಡಿಯಬಹುದು, ದರ ಭಾರವಲ್ಲ. ಕುಟುಂಬಕ್ಕೊಬ್ಬ ಗೈಡ್ ಎಂದರೆ ಒಬ್ಬೊಬ್ಬರ ಟಿಕೆಟ್ಟಿಗಿಂತ ದುಬಾರಿ ಎಂಬ ಭಾವನೆ ಇದೆ. ಐದು ಜನರ ಟಿಕೆಟ್ ಕೂಡಿಸಿ ನೋಡಿ, ಅಂತರ ನೀವು ಅಂದುಕೊಂಡಷ್ಟು ಇರುವುದಿಲ್ಲ. ಮುಂಚಿತವಾಗಿಯೇ ಮೂರು ಸಂಗತಿ ತಿಳಿಸಿ: ಹಿರಿಯರಿಗೆ ಮಂಡಿನೋವು, ಅರ್ಧ ಗಂಟೆಗೊಮ್ಮೆ ಕೂರಲು ಜಾಗ ಬೇಕು, ನಡುನಡುವೆ ಅನುವಾದಕ್ಕೆ ನಿಲ್ಲಬೇಕು. ಒಳ್ಳೆಯ ಗೈಡ್ ದಾರಿಯನ್ನೇ ಬದಲಿಸಿಕೊಳ್ಳುತ್ತಾರೆ. ನಡುವೆ ಕೂರಲು ತಂಪಾದ ಸೆಂಟ್ರಲ್ ಮಾರ್ಕೆಟ್ ಇಟ್ಟುಕೊಳ್ಳುತ್ತಾರೆ. ಇದಕ್ಕೆ ಒಪ್ಪದೆ "ನಮ್ಮ ಮಾರ್ಗ ನಿಗದಿಯಾಗಿದೆ" ಎನ್ನುವವರನ್ನು ಬಿಟ್ಟುಬಿಡಿ.

ಈ ಆಯ್ಕೆಯಲ್ಲೂ ಅಪಾಯವಿಲ್ಲವೆಂದಲ್ಲ. ಗೈಡ್ ನಿಮಗೆ ಹೊಂದದಿದ್ದರೆ ಆ ಮೂರು ಗಂಟೆಯೂ ಅವರೊಬ್ಬರೇ ಗತಿ. ಹಾಗಾಗಿ ಕಾಯ್ದಿರಿಸುವ ಮುನ್ನ ಹಿಂದಿನ ಪ್ರವಾಸಿಗರ ಅನಿಸಿಕೆಗಳನ್ನು ಓದಿ. "ತುಂಬಾ ಚೆನ್ನಾಗಿತ್ತು, ಗೈಡ್ ಬಹಳ ನಗುಮುಖದವರು" ಎಂಬವುಗಳಿಂದ ಏನೂ ತಿಳಿಯುವುದಿಲ್ಲ. ಬೀದಿಯ ಹೆಸರು, ಗುಡಿಯಲ್ಲಿ ಕೇಳಿದ ಸಂಗತಿ, ಅಜ್ಜಿಗಾಗಿ ನಿಧಾನ ಮಾಡಿದ್ದು ಇಂಥವು ಬರೆದಿದ್ದರೆ ಆ ಅನಿಸಿಕೆಗೆ ತೂಕವಿದೆ.

ಸಮಯ ಬೆಳಿಗ್ಗೆ ಒಂಬತ್ತರೊಳಗೇ ಇರಲಿ. ಅಕ್ಟೋಬರ್, ನವೆಂಬರ್‌ನಲ್ಲಿ ಅಲ್ಲಿ ಮಧ್ಯಾಹ್ನದ ಮೇಲೆ ಗುಡುಗುಮಳೆ ಮಾಮೂಲು. ಒಮ್ಮೆ ಶುರುವಾದರೆ ಬೀದಿಯಲ್ಲಿ ನಿಲ್ಲಲಾಗುವುದಿಲ್ಲ. ಮಧ್ಯಾಹ್ನದ ಟೂರ್ ಅಗ್ಗವೆಂದು ತೆಗೆದುಕೊಂಡು ಮಳೆಗೆ ಸಿಕ್ಕಿಕೊಂಡವರು ಬಹಳ ಮಂದಿ. ಒಂದೇ ಟಿಕೆಟ್ಟಿನಲ್ಲಿ ಬೇಕಾದಲ್ಲಿ ಇಳಿದು ಮತ್ತೆ ಹತ್ತುವ ಹಾಪ್ ಆನ್ ಬಸ್ಸಿನ ತೊಡಕೂ ಇದೇ. ಕಾಗದದ ಮೇಲೆ ಮಂಡಿನೋವಿನವರಿಗೆ ಹೇಳಿ ಮಾಡಿಸಿದಂತಿದೆ, ಆದರೆ ಸಂಜೆಯ ವಾಹನ ದಟ್ಟಣೆಯಲ್ಲಿ, ಮಳೆಯಲ್ಲಿ ಮುಂದಿನ ಬಸ್ಸಿಗೆ ಕಾಯುವುದೇ ಕೆಲಸವಾಗುತ್ತದೆ. ಬೇಕೆಂದರೆ ಬೆಳಗಿನ ಹೊತ್ತು ಒಂದು ಸುತ್ತು ಕೂತೇ ಬನ್ನಿ.

ಬಾತು ಗುಹೆಗಳಿಗೆ ಟೂರ್ ಕೊಳ್ಳಬೇಡಿ. ಕೆಎಲ್ ಸೆಂಟ್ರಲ್ ನಿಲ್ದಾಣದಿಂದ ಕೆಟಿಎಂ ಕೊಮ್ಯೂಟರ್ ರೈಲು ನೇರವಾಗಿ ಅಲ್ಲಿಗೇ ಹೋಗುತ್ತದೆ. ನಿಲ್ದಾಣ ದೇವಸ್ಥಾನದ ಆವರಣಕ್ಕೆ ಅಂಟಿಕೊಂಡೇ ಇದೆ, ದರ ಕೆಲವೇ ರಿಂಗಿಟ್. ರೈಲುಗಳ ನಡುವಿನ ಅಂತರ ದೊಡ್ಡದು, ಹೊರಡುವ ಸಮಯ ನೋಡಿಕೊಂಡು ಹೋಗಿ. ಮೇಲಿನ ಗುಹೆಗೆ 272 ಮೆಟ್ಟಿಲು. ತಾಯಿಯವರನ್ನು ಹತ್ತಿಸುವ ಸಾಹಸ ಬೇಡ. ಕೆಳಗೇ 42.7 ಮೀಟರ್ ಎತ್ತರದ ಮುರುಗನ ಪ್ರತಿಮೆ ಇದೆ, ಗುಡಿಗಳಿವೆ, ನಿಲ್ದಾಣದ ಪಕ್ಕದಲ್ಲೇ ಆಂಜನೇಯನ ದೊಡ್ಡ ಪ್ರತಿಮೆ ಮತ್ತು ರಾಮಾಯಣದ ದೃಶ್ಯಗಳಿರುವ ಗುಹೆ ಇದೆ. ಅದಕ್ಕೆ ಪ್ರತ್ಯೇಕ ಟಿಕೆಟ್. ನೀವು ಮಕ್ಕಳೊಂದಿಗೆ ಮೇಲೆ ಹೋಗಿ ಬರುವವರೆಗೆ ತಾಯಿಯವರೂ ಪತ್ನಿಯವರೂ ಅಲ್ಲಿ ನಿರಾಳವಾಗಿ ಇರಬಹುದು. ಕೈಯಲ್ಲಿ ಹಣ್ಣು, ಪ್ಲಾಸ್ಟಿಕ್ ಚೀಲ ಹಿಡಿದು ಮೆಟ್ಟಿಲು ಹತ್ತಬೇಡಿ, ಕೋತಿಗಳು ಬಿಡುವುದಿಲ್ಲ. ಮೊಣಕಾಲು ಕಾಣುವ ಉಡುಪಿದ್ದರೆ ಹೆಂಗಸರು ಮೇಲೆ ಸುತ್ತಿಕೊಳ್ಳಲು ಬಟ್ಟೆ ಬಾಡಿಗೆಗೆ ಪಡೆಯಬೇಕಾಗುತ್ತದೆ. ಗುಹೆಯನ್ನೂ ಗೆಂಟಿಂಗ್ ಬೆಟ್ಟವನ್ನೂ ಸೇರಿಸಿದ ಇಡೀ ದಿನದ ಟೂರ್ ನಿಮ್ಮ ಏಜೆಂಟರ ಬಳಿ ಖಂಡಿತ ಇರುತ್ತದೆ. ಅದರಲ್ಲಿ ಗುಹೆಗೆ ಸಿಗುವ ಹೊತ್ತಿನಲ್ಲಿ 272 ಮೆಟ್ಟಿಲು ಹತ್ತಿ ಇಳಿಯುವುದೇ ಅವಸರ.

ಪೆಟ್ರೊನಾಸ್ ಗೋಪುರಗಳಿಗೂ ಅಷ್ಟೇ. 41 ಮತ್ತು 42ನೇ ಮಹಡಿಗಳ ಸೇತುವೆ, 86ನೇ ಮಹಡಿಯ ವೀಕ್ಷಣಾ ಸ್ಥಳಕ್ಕೆ ಟಿಕೆಟ್ಟುಗಳು ಸೀಮಿತ, ಸೋಮವಾರ ರಜೆ. ಅಧಿಕೃತ ಜಾಲತಾಣದಲ್ಲಿ ನೀವೇ ಮುಂಗಡ ಕೊಳ್ಳಿ. ಪ್ಯಾಕೇಜ್‌ನಲ್ಲಿ 'ಪೆಟ್ರೊನಾಸ್ ಗೋಪುರ' ಎಂದಿದ್ದರೆ ಅದು ಮೇಲೆ ಹೋಗುವ ಟಿಕೆಟ್ಟೋ, ಕೆಳಗಿನ ಫೋಟೋ ಸ್ಟಾಪೋ ಎಂದು ಕೇಳಿ. ಬಹುತೇಕ ಎರಡನೆಯದೇ ಆಗಿರುತ್ತದೆ.

ಊಟದ ವಿಷಯದಲ್ಲಿ ಆಹಾರ ಸವಿಯುವ ಟೂರ್‌ಗಳನ್ನು ನಿಮಗೆ ನಾನು ಸೂಚಿಸುವುದಿಲ್ಲ. ಸೊಪ್ಪಿನ ಪಲ್ಯದಂತೆ ಕಾಣುವುದರಲ್ಲೂ ಬೆಲಚಾನ್ ಎಂಬ ಸಿಗಡಿ ಚಟ್ನಿಯ ಒಗ್ಗರಣೆ ಇರುತ್ತದೆ, ನಾಸಿ ಲೆಮಾಕ್ ಅನ್ನದ ಮೇಲೆ ಒಣಮೀನು, ಮೊಟ್ಟೆ ಇರುತ್ತದೆ. "ಮಾಂಸ ಬೇಡ" ಎಂದರೆ ಸಾಲದು; ಮೀನು, ಸಿಗಡಿ, ಮೊಟ್ಟೆ ಬೇಡವೆಂದು ಒಂದೊಂದಾಗಿ ಹೆಸರಿಸಿ ಹೇಳಬೇಕು. ಬ್ರಿಕ್‌ಫೀಲ್ಡ್ಸ್‌ನಲ್ಲಿ ಶುದ್ಧ ಸಸ್ಯಾಹಾರಿ ಹೋಟೆಲ್‌ಗಳಿವೆ, ಬಾಳೆ ಎಲೆ ಊಟ ಸಿಗುತ್ತದೆ. ಹೋಟೆಲ್ ಕೋಣೆಯನ್ನೇ ಬ್ರಿಕ್‌ಫೀಲ್ಡ್ಸ್, ಕೆಎಲ್ ಸೆಂಟ್ರಲ್ ಸುತ್ತಮುತ್ತ ಮಾಡಿಕೊಂಡರೆ ಊಟ, ಬಾತು ಗುಹೆಯ ರೈಲು, ವಿಮಾನ ನಿಲ್ದಾಣದ ರೈಲು ಮೂರೂ ಕೈಗೆಟಕುತ್ತವೆ. ಆ ಬಡಾವಣೆಯಲ್ಲೇ ಸಂಜೆ ಸುತ್ತಾಡಿ. ಸಿಂಹಳೀಯರು 1894ರಲ್ಲಿ ಸ್ಥಾಪಿಸಿದ ಬೌದ್ಧ ಮಹಾವಿಹಾರ, ಸಿಲೋನ್ ತಮಿಳರ ಕಂದಸ್ವಾಮಿ ಗುಡಿ, ಚರ್ಚುಗಳು ಅಲ್ಲೇ ಇವೆ.

ಮುಂಗಡ ಕಟ್ಟುವ ಮೊದಲು ಏಜೆಂಟರಿಂದ ಇನ್ನೆರಡು ಮಾತು ಬರಹದಲ್ಲಿ ಪಡೆಯಿರಿ. ವಿದೇಶಿಯರು ಹೋಟೆಲಿನಲ್ಲಿ ಕೋಣೆಗೆ ರಾತ್ರಿಗೆ 10 ರಿಂಗಿಟ್‌ನಂತೆ ಪ್ರವಾಸೋದ್ಯಮ ತೆರಿಗೆ ಕೊಡಬೇಕು. ಅದು ದರದಲ್ಲಿ ಸೇರಿದೆಯೇ? ದಿನಕ್ಕೆ ಇಷ್ಟೆಂದು 'ಕಡ್ಡಾಯ ಟಿಪ್ಸ್' ಇದೆಯೇ? ಮಲೇಷ್ಯಾದಲ್ಲಿ ಟಿಪ್ಸ್ ಕೊಡುವ ಕಡ್ಡಾಯ ಪದ್ಧತಿಯೇನೂ ಇಲ್ಲ. ಶುಲ್ಕ ಪಡೆದ ಗೈಡ್ ನಿಮ್ಮ ತಾಯಿಯವರಿಗಾಗಿ ಕಾದು, ಕುರ್ಚಿ ಹುಡುಕಿ, ತಾಳ್ಮೆಯಿಂದ ವಿವರಿಸಿದರೆ ನಡಿಗೆ ಮುಗಿದ ಮೇಲೆ ನೀವಾಗಿಯೇ ಸಂತೋಷದಿಂದ ಕೊಡಿ. ಏಜೆಂಟರ ಮೂಲಕ ಮುಂಚಿತವಾಗಿ ಕಟ್ಟಿದ್ದು ಆ ಗೈಡ್‌ನ ಕೈ ಸೇರುತ್ತದೆ ಎಂಬ ಖಾತರಿ ಇಲ್ಲ.